ಮಾತ್ರೆ, ಕರೆಂಟ್, ಕೆಟಮಿನ್, ಅಣಬೆ: ಪಕ್ಕದಲ್ಲಿ ಯಾರು ಕೂರುತ್ತಾರೆ?

"ತಮಾ, ಗೋಕರ್ಣದಲ್ಲಿ ಯಾರೋ ಅಣಬೆ ಕೊಟ್ಟು ಮಂಡೆ ಸರಿ ಮಾಡ್ತ್ವಡ. ಹೌದನ?"

ಅಂಗಡಿಯಲ್ಲಿ ಬೇರೆ ಗಿರಾಕಿ ಯಾರೂ ಇಲ್ಲ ಅನ್ನುವುದನ್ನು ನೋಡಿಕೊಂಡೇ ಅಕ್ಕ ಇದನ್ನು ಕೇಳಿದಳು. ಹೊರಗೆ ಆಷಾಢದ ಮಳೆ. ಶಿರಸಿಯಲ್ಲಿ ಇಪ್ಪತ್ತು ವರ್ಷದಿಂದ ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ಡಾಕ್ಟರ ಹತ್ತಿರ ಕೇಳಲಾಗದ್ದನ್ನು ಜನ ನನ್ನ ಹತ್ತಿರ ಕೇಳುತ್ತಾರೆ. ಆದರೆ ಮನೆಯವರೇ ಹೀಗೆ ಸ್ವರ ತಗ್ಗಿಸಿ ಕೇಳಿದ್ದು ಅದೇ ಮೊದಲು.

ಅವಳ ಮಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಒಂಬತ್ತು ತಿಂಗಳಾಗಿತ್ತು. ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಡಾಕ್ಟರು ಖಿನ್ನತೆ ಎಂದಿದ್ದರು. ಎರಡು ಬಗೆಯ ಮಾತ್ರೆ ನೋಡಿ ಆಗಿತ್ತು, ಗುಣ ಕಂಡಿರಲಿಲ್ಲ. ಹಳೆಯ ಗೆಳೆಯನೊಬ್ಬ ಫೋನಿನಲ್ಲಿ ಅಣಬೆಯ ವಿಷಯ ಹೇಳಿದ್ದ. ವಿದೇಶದಲ್ಲಿ ದೊಡ್ಡ ದೊಡ್ಡ ಯೂನಿವರ್ಸಿಟಿಗಳಲ್ಲೇ ಇದನ್ನು ಕೊಡುತ್ತಾರಂತೆ ಎಂದೂ ಸೇರಿಸಿದ್ದ. ಭಾವನಿಗೆ ಇದು ಕಿವಿಗೆ ಬಿದ್ದದ್ದೇ, "ಅಮಲಿನ ಮದ್ದು ನಮ್ಮ ಮನೆಗಾ?" ಎಂದು ಊಟ ಬಿಟ್ಟು ಎದ್ದರು. ಅಷ್ಟಕ್ಕೆ ಮಾತು ನಿಂತಿತು. ಕೋಣೆಯ ಬಾಗಿಲೂ ಮತ್ತೆ ಮುಚ್ಚಿತು.

ಆ ಗೆಳೆಯ ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಭಾವನ ಹೆದರಿಕೆಯಲ್ಲೂ ಅರ್ಧ ನಿಜ ಇತ್ತು. ಇಬ್ಬರ ಮಧ್ಯೆ ಕೂತು ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ಖಿನ್ನತೆ ಬೇಗ ಬಗ್ಗದಿದ್ದಾಗ ನಮ್ಮ ಜಿಲ್ಲೆಯ ಒಂದು ಮನೆಯ ಮುಂದೆ ಯಾವ ಯಾವ ದಾರಿ ಇದೆ, ಯಾವುದು ಎಷ್ಟು ದೂರ, ಯಾವುದರಲ್ಲಿ ಏನು ಅಪಾಯ ಎಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಮದ್ದು ಆರಿಸುವುದು ಅವರ ಕೆಲಸ. ಅವರ ಎದುರು ಕೂತಾಗ ಏನು ಕೇಳಬೇಕು ಎನ್ನುವುದು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ.

ಹೆಸರಿನ ಹೆದರಿಕೆ

ಕವಳ ಹಾಕುವ ಊರು ನಮ್ಮದು. ಅಡಿಕೆ ಸೊಕ್ಕಿದರೆ ಬೆವರು ಕಿತ್ತು ತಲೆ ತಿರುಗುತ್ತದೆ ಎನ್ನುವುದು ಮಕ್ಕಳಿಗೂ ಗೊತ್ತು. ಅದಕ್ಕೆ ನಾವು ನಶೆ ಅನ್ನುವುದಿಲ್ಲ. ಬೇರೆ ಊರಿನಿಂದ ಬಂದದ್ದಕ್ಕೆ ಮಾತ್ರ ಆ ಹೆಸರು. ಒಂದು ವಸ್ತು ಮದ್ದೋ ವಿಷವೋ ಎನ್ನುವುದು ಹೆಸರಿನಲ್ಲಿ ಇರುವುದಿಲ್ಲ. ಎಷ್ಟು, ಯಾರಿಗೆ, ಯಾರ ಕಣ್ಣೆದುರು ಎಂಬುದರಲ್ಲಿ ಇರುತ್ತದೆ.

ಮಾರ್ಫಿನ್ ನೋಡಿ. ಅಫೀಮಿನಿಂದ ಬರುವ ಮದ್ದು. ಮಾದಕ ವಸ್ತುಗಳ 1985ರ ಎನ್‌ಡಿಪಿಎಸ್ ಕಾಯ್ದೆಯ ಕೆಳಗೇ ಬರುತ್ತದೆ. ಕ್ಯಾನ್ಸರಿನ ಕೊನೆಯ ದಿನಗಳಲ್ಲಿ ನರಳುವವರಿಗೆ ಅದರಷ್ಟು ದೊಡ್ಡ ಉಪಕಾರ ಇನ್ನೊಂದಿಲ್ಲ. ಆದರೂ ಎಷ್ಟೋ ವರ್ಷ ಲೈಸೆನ್ಸಿನ ಗೋಜಲಿಗೆ, ಹೆಸರಿನ ಹೆದರಿಕೆಗೆ ಅದು ರೋಗಿಗಳಿಗೆ ಸಿಗಲೇ ಇಲ್ಲ. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ದಾರಿ ಸ್ವಲ್ಪ ಸಡಿಲ ಮಾಡಿದರು. ಅಷ್ಟರೊಳಗೆ ಎಷ್ಟು ಜನ ಸುಮ್ನೆ ನೋವು ತಿಂದು ಹೋದರೋ. ಹಾಗಾಗಿ "ನಶೆಯ ಪಟ್ಟಿಯಲ್ಲಿದೆ, ಅದರ ಮಾತೇ ಬೇಡ" ಅಂದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ಕಾಣುವ, ಅನಿಸುವ ರೀತಿಯನ್ನೇ ಕೆಲವು ಹೊತ್ತು ಬದಲಿಸುವ ಸೈಕೆಡೆಲಿಕ್ ಎನ್ನುವ ಗುಂಪಿನಲ್ಲಿ ಮುಖ್ಯವಾಗಿ ಬರುವುದು ಕೆಲವು ಅಣಬೆಗಳಲ್ಲಿರುವ ಸೈಲೋಸಿಬಿನ್ ಮತ್ತು ಎಲ್‌ಎಸ್‌ಡಿ. ಎಲ್‌ಎಸ್‌ಡಿಯನ್ನು ಸ್ವಿಟ್ಜರ್‌ಲೆಂಡಿನ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿದರು. ಅದು ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದು ಅವರಿಗೆ ತಿಳಿದದ್ದು 1943ರಲ್ಲಿ. ಆಮೇಲಿನ ಇಪ್ಪತ್ತು ವರ್ಷ ಮನೋವೈದ್ಯರು ಅದರ ಮೇಲೆ ಬಹಳ ಕೆಲಸ ಮಾಡಿದರು. ಅಷ್ಟರಲ್ಲಿ ಅದು ಆಸ್ಪತ್ರೆಯ ಗೋಡೆ ದಾಟಿ ಬೀದಿಗೆ ಬಂತು. 1970ರಲ್ಲಿ ಅಮೆರಿಕ ಕಟ್ಟಾಗಿ ನಿಷೇಧಿಸಿತು. 1971ರಲ್ಲಿ ವಿಶ್ವಸಂಸ್ಥೆಯ ಒಪ್ಪಂದವಾಯಿತು. ಸಂಶೋಧನೆ ಹೆಚ್ಚು ಕಡಿಮೆ ನಿಂತೇ ಹೋಯಿತು. ಮತ್ತೆ ಚಿಗುರಿದ್ದು ಈ ಶತಮಾನದಲ್ಲಿ.

ಎಕ್ಸ್ಟಸಿ ಎಂದೂ ಕರೆಯುವ ಎಂಡಿಎಂಎ, ಅರಿವಳಿಕೆಯ ಕೆಟಮಿನ್ ಇವೆರಡನ್ನೂ ಜನ ಇದೇ ಬುಟ್ಟಿಗೆ ಹಾಕುತ್ತಾರೆ. ಅವುಗಳ ಜಾತಿ ಬೇರೆ. ಚಟದ ಪ್ರಶ್ನೆ ಬಂದಾಗ ಇದು ಮುಖ್ಯವಾಗುತ್ತದೆ. ಸೈಲೋಸಿಬಿನ್ ಮತ್ತು ಎಲ್‌ಎಸ್‌ಡಿಗೆ ಹೆಂಡದ ಹಾಗೆ, ಅಫೀಮಿನ ಹಾಗೆ ದೇಹ ಒಗ್ಗಿಕೊಂಡು ಬೇಡುವುದಿಲ್ಲ. ಕೆಟಮಿನ್‌ಗೆ ಚಟ ಹಿಡಿಯುತ್ತದೆ. ಎಂಡಿಎಂಎ ಕೂಡ ದುರುಪಯೋಗ ಆಗುವಂಥದ್ದೇ. "ಎಲ್ಲ ಒಂದೇ" ಅನ್ನುವವರೂ ತಪ್ಪು, "ಯಾವುದರಿಂದಲೂ ಏನೂ ಆಗುವುದಿಲ್ಲ" ಅನ್ನುವವರೂ ತಪ್ಪು.

ಮಾತ್ರೆ ಮತ್ತು ಮಾತು

ಮೊದಲ ದಾರಿ ಇದೇ. ಹತ್ತಿರದ್ದು, ಅಗ್ಗದ್ದು, ಹೆಚ್ಚು ಜನರ ಮೇಲೆ ನೋಡಿದ್ದು. ಎಸ್ಸಿಟಲೊಪ್ರಾಮ್, ಸರ್ಟ್ರಾಲಿನ್ ಇಂಥ ಮಾತ್ರೆಗಳು. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳೆಸುವುದು, ನಿದ್ದೆ ಏರುಪೇರಾಗುವುದು ಮುಂತಾದ ತೊಂದರೆಗಳು ಬರುತ್ತವೆ. ಅಂದರೆ ತೊಂದರೆ ಮೊದಲು, ಗುಣ ಆಮೇಲೆ. ಹೆಚ್ಚಿನವರು ಬಿಟ್ಟುಬಿಡುವುದು ಈ ಮಧ್ಯದ ಹದಿನೈದು ದಿನದಲ್ಲಿ.

ಅಂಗಡಿಯಲ್ಲಿ ನಾನು ಅತಿ ಹೆಚ್ಚು ಕೇಳುವ ಪ್ರಶ್ನೆ, "ಇದು ಅಭ್ಯಾಸ ಆಗ್ತದಾ?" ಜನ ಎರಡು ಮಾತ್ರೆಯನ್ನು ಕಲಸಿಕೊಂಡಿದ್ದಾರೆ. ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್ ಎನ್ನುವ ನಿದ್ದೆ ಮತ್ತು ಗಾಬರಿಯ ಮಾತ್ರೆಗಳು ಅಭ್ಯಾಸ ಆಗುತ್ತವೆ, ನಿಜ. ಖಿನ್ನತೆಯ ಮಾತ್ರೆ ಆ ಥರ ಚಟ ಹಿಡಿಸುವುದಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆ ಸುತ್ತು, ಸಿಡುಕು, ಕರೆಂಟ್ ಹೊಡೆದಂಥ ಜುಮ್ಮು ಬರುತ್ತದೆ. ಅದಕ್ಕೆ ನಿಧಾನವಾಗಿ ಇಳಿಸಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಲು ಡಾಕ್ಟರು ಹೇಳುವುದು, ಬೇಗ ಬಿಟ್ಟರೆ ಕಾಯಿಲೆ ತಿರುಗಿ ಬರುವ ಸಾಧ್ಯತೆ ಜಾಸ್ತಿ ಎಂಬ ಕಾರಣಕ್ಕೆ.

ಮೊದಲ ಮಾತ್ರೆಯಲ್ಲಿ ಎಲ್ಲರಿಗೂ ಗುಣ ಆಗುವುದಿಲ್ಲ. ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿ ನಡೆಸಿದ ಒಂದು ದೊಡ್ಡ ಅಧ್ಯಯನದಲ್ಲಿ ಮೊದಲ ಮಾತ್ರೆಗೇ ಪೂರ್ತಿ ಗುಣವಾದವರು ಸುಮಾರು ಮೂರರಲ್ಲಿ ಒಬ್ಬರು. ಉಳಿದವರಿಗೆ ಎರಡನೆಯದು, ಮೂರನೆಯದು, ಜೊತೆಗೆ ಮಾತಿನ ಚಿಕಿತ್ಸೆ. ಎರಡು ಮಾತ್ರೆ ಸರಿಯಾದ ಪ್ರಮಾಣದಲ್ಲಿ, ಸರಿಯಾದಷ್ಟು ವಾರ ತೆಗೆದುಕೊಂಡೂ ಗುಣ ಕಾಣದಿದ್ದರೆ ಮಾತ್ರ ಡಾಕ್ಟರು ಅದನ್ನು ಮದ್ದಿಗೆ ಬಗ್ಗದ ಖಿನ್ನತೆ ಎನ್ನುತ್ತಾರೆ.

ನಮ್ಮ ಮನೆಯಲ್ಲಿ ಎಡವಿದ್ದು ಇಲ್ಲೇ. ಅಳಿಯನ ಹಳೆಯ ಸ್ಟ್ರಿಪ್‌ಗಳನ್ನು ತರಲು ಹೇಳಿದೆ. ಅಕ್ಕ ಅವನ್ನು ಅಕ್ಕಿ ಡಬ್ಬಿಯ ಒಳಗಿಂದ ತೆಗೆದಳು. ನೆಂಟರು ಬಂದರೆ ಕಾಣಬಾರದು ಎಂದು ಅಲ್ಲಿ ಇಟ್ಟಿದ್ದಳು. ಮನೆಯಲ್ಲಿ ತಿಥಿ ಆದಾಗ, ಹಬ್ಬ ಆದಾಗ, ಅವನ ಚಿಕ್ಕಪ್ಪ ಬಂದು ವಾರ ಉಳಿದಾಗ ಮಾತ್ರೆ ತಪ್ಪಿತ್ತು. ತಿಂಗಳಿಗೆ ಹತ್ತು ಹನ್ನೆರಡು ಮಾತ್ರೆ ಹಾಗೇ ಉಳಿದಿದ್ದವು. ತೋರಿಸಿದ ಕಡೆಯೂ ಎರಡು ನಿಮಿಷದ ಮಾತು, ಮುಂದಿನ ಚೀಟಿ. ದಿನಾ ನುಂಗುತ್ತಿದ್ದಾನೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಮದ್ದು ಸೋತಿತು ಎಂದುಕೊಂಡಿದ್ದೆವು. ಅದನ್ನು ಸರಿಯಾಗಿ ಕೊಟ್ಟೇ ಇರಲಿಲ್ಲ.

ಹಾಗಾಗಿ ಬೇರೆ ದಾರಿ ನೋಡುವ ಮೊದಲು ಸ್ಟ್ರಿಪ್ ಎಣಿಸಿ. ಇದು ನನ್ನ ಕಡೆಯಿಂದ ಒಂದು ಪ್ರಾರ್ಥನೆ ಎಂದೇ ತಿಳಿಯಿರಿ.

ಕರೆಂಟ್ ಮತ್ತು ಕೆಟಮಿನ್

ನಿಜವಾಗಿ ತೂಗಿ ನೋಡಬೇಕಾದ ಜೋಡಿ ಇದು. ಎರಡೂ ನಮ್ಮ ದೇಶದಲ್ಲಿ ಕಾನೂನಿನ ಒಳಗೆ ಸಿಗುತ್ತವೆ. ಎರಡಕ್ಕೂ ಊರಿನಲ್ಲಿ ಕೆಟ್ಟ ಹೆಸರಿದೆ.

ಇಸಿಟಿ ಅಂದರೆ ಕರೆಂಟ್ ಚಿಕಿತ್ಸೆ ಶುರುವಾದದ್ದು 1938ರಲ್ಲಿ, ರೋಮ್‌ನಲ್ಲಿ. ಸಿನಿಮಾದಲ್ಲಿ ತೋರಿಸುವ ಹಾಗೆ ಕೈಕಾಲು ಕಟ್ಟಿ ಕರೆಂಟ್ ಕೊಡುವುದು ಈಗ ಅಪರಾಧ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಕೊಡದೆ ಇಸಿಟಿ ಮಾಡುವಂತಿಲ್ಲ. ರೋಗಿ ನಿದ್ದೆಯಲ್ಲಿರುತ್ತಾರೆ. ಕರೆಂಟ್ ಹೋಗುವುದು ಕೆಲವೇ ಸೆಕೆಂಡು. ವಾರಕ್ಕೆ ಎರಡು ಮೂರು ಸಲ, ಒಟ್ಟು ಆರರಿಂದ ಹನ್ನೆರಡು ಸಲ ಆಗುತ್ತದೆ. ದೊಡ್ಡ ತೊಂದರೆ ಮರೆವು. ಆ ವಾರಗಳ ನೆನಪು ಮಸುಕಾಗುತ್ತದೆ. ಹೆಚ್ಚಿನವರಿಗೆ ಮರೆವು ಕಡಿಮೆಯಾಗುತ್ತಾ ಬರುತ್ತದೆ, ಕೆಲವರಿಗೆ ಹಳೆಯ ಕೆಲವು ನೆನಪು ತಿರುಗಿ ಸಿಗುವುದೇ ಇಲ್ಲ. ಆದರೆ ಊಟ ನೀರು ಬಿಟ್ಟು ಮಲಗಿದವರಿಗೆ, ಮಾತೇ ನಿಂತವರಿಗೆ, ಇವತ್ತೋ ನಾಳೆಯೋ ಜೀವ ತೆಗೆದುಕೊಂಡಾರು ಎಂಬಂಥವರಿಗೆ ಇಷ್ಟು ಬೇಗ, ಇಷ್ಟು ಗಟ್ಟಿಯಾಗಿ ಕೈ ಹಿಡಿಯುವ ಚಿಕಿತ್ಸೆ ಬೇರೆ ಕಡಿಮೆ.

ಕೆಟಮಿನ್ ಹೊಸ ನಶೆ ಎಂದುಕೊಂಡವರಿಗೆ ಒಂದು ಮಾತು. ಅದು 1962ರಲ್ಲಿ ತಯಾರಾದ ಅರಿವಳಿಕೆ ಮದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ 1985ರಿಂದ ಇದೆ. ಮೂಳೆ ಕೂರಿಸುವಾಗ, ಸಣ್ಣ ಆಪರೇಷನ್ ಮಾಡುವಾಗ ನಿಮ್ಮ ಮನೆಯವರಿಗೇ ಅದನ್ನು ಕೊಟ್ಟಿರಬಹುದು. ಅದನ್ನೇ ಬಹಳ ಕಡಿಮೆ ಪ್ರಮಾಣದಲ್ಲಿ, ಸುಮಾರು ನಲವತ್ತು ನಿಮಿಷ ಡ್ರಿಪ್ ಮೂಲಕ ಕೊಟ್ಟರೆ ಕೆಲವರ ಖಿನ್ನತೆ ಗಂಟೆಗಳಲ್ಲೇ ಹಗುರಾಗುತ್ತದೆ. ಆ ಹೊತ್ತಿಗೆ ದೇಹ ಬೇರೆ, ತಾನು ಬೇರೆ ಎನ್ನುವ ಹಾಗೆ ಅನಿಸುತ್ತದೆ. ರಕ್ತದೊತ್ತಡ ಏರುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ, ನಾಡಿ ನೋಡುತ್ತಾ ಕೊಡಬೇಕು. ಅವತ್ತು ಗಾಡಿ ಓಡಿಸುವಂತಿಲ್ಲ. ಗುಣ ಹೆಚ್ಚಾಗಿ ಕೆಲವು ದಿನ, ಒಂದೆರಡು ವಾರ ನಿಲ್ಲುತ್ತದೆ. ಆಮೇಲೆ ಮತ್ತೆ ಕೊಡಬೇಕು. ವರ್ಷಗಟ್ಟಲೆ ನಶೆಗಾಗಿ ಎಳೆದವರ ಮೂತ್ರಕೋಶ ಹಾಳಾಗುತ್ತದೆ. ಅಮೆರಿಕದ ನಟ ಮ್ಯಾಥ್ಯೂ ಪೆರಿ 2023ರಲ್ಲಿ ತೀರಿಹೋದದ್ದು ಕೆಟಮಿನ್‌ನಿಂದ. ಅದು ಮನೆಯಲ್ಲಿ, ಪಕ್ಕದಲ್ಲಿ ಡಾಕ್ಟರ ನಿಗಾ ಇಲ್ಲದೆ ತೆಗೆದುಕೊಂಡದ್ದು.

ಹಾಗಾದರೆ ಯಾವುದು ಮೇಲು? ಎರಡು ದೊಡ್ಡ ಹೋಲಿಕೆ ನಡೆದಿದೆ, ಎರಡೂ ಬೇರೆ ಬೇರೆ ಉತ್ತರ ಕೊಟ್ಟಿವೆ. ಸ್ವೀಡನ್ನಿನಲ್ಲಿ ಆಸ್ಪತ್ರೆಗೆ ಸೇರಿದ್ದ 186 ಜನರಲ್ಲಿ ಇಸಿಟಿ ಪಡೆದವರಲ್ಲಿ ಶೇಕಡ 63, ಕೆಟಮಿನ್ ಪಡೆದವರಲ್ಲಿ ಶೇಕಡ 46 ಮಂದಿ ಗುಣವಾದರು. ಇದು 2022ರದ್ದು. ಮರುವರ್ಷ ಅಮೆರಿಕದಿಂದ ಬಂದ ವರದಿಯಲ್ಲಿ ತಿರುಗುಮುರುಗು. ಅಲ್ಲಿ ಚೇತರಿಕೆ ಕಂಡವರು ಕೆಟಮಿನ್‌ನಲ್ಲಿ ಶೇಕಡ 55, ಇಸಿಟಿಯಲ್ಲಿ ಶೇಕಡ 41. ಆದರೆ ಆ ಅಧ್ಯಯನದಲ್ಲಿ ಭ್ರಮೆ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ, ಹೆಚ್ಚಿನವರು ಮನೆಯಿಂದ ಬಂದು ಹೋಗುವವರು. ನನಗೆ ತಿಳಿದ ಮಟ್ಟಿಗೆ ಇದರ ಅರ್ಥ ಇಷ್ಟೇ. ಕಾಯಿಲೆ ತೀರಾ ಕೆಳಗೆ ಎಳೆದಿದ್ದರೆ, ಭ್ರಮೆ ಸೇರಿಕೊಂಡಿದ್ದರೆ, ವಯಸ್ಸಾಗಿದ್ದರೆ ಇಸಿಟಿಯ ಕಡೆ ವಾಲಿ. ಓಡಾಡಿಕೊಂಡಿದ್ದು ಮದ್ದಿಗೆ ಮಾತ್ರ ಬಗ್ಗದಿದ್ದರೆ, ಮರೆವಿನ ಹೆದರಿಕೆ ಜಾಸ್ತಿ ಇದ್ದರೆ ಕೆಟಮಿನ್ ಬಗ್ಗೆ ಕೇಳಿ. ಹೆಂಡ, ಗಾಂಜಾ ಯಾವುದಾದರೂ ಚಟ ಮೊದಲೇ ಇದ್ದರೆ ಕೆಟಮಿನ್ ಬಗ್ಗೆ ಎರಡು ಸಲ ಯೋಚಿಸಬೇಕು. ಚಟವನ್ನು ಡಾಕ್ಟರಿಗೆ ಮುಚ್ಚಿಡಬಾರದು.

ದೂರದ ಲೆಕ್ಕವೂ ಬೇಕು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್, ಮಣಿಪಾಲ, ಮಂಗಳೂರು, ಬೆಂಗಳೂರಿನ ನಿಮ್ಹಾನ್ಸ್, ನಮಗೆ ಇರುವ ದಿಕ್ಕುಗಳು ಇವು. ಹೊರಡುವ ಮೊದಲು ಯಾವ ಚಿಕಿತ್ಸೆ ಎಲ್ಲಿ ಇದೆ ಎಂದು ಫೋನ್ ಮಾಡಿ ಕೇಳಿ. ಇಸಿಟಿಗೆ ಮೂರು ನಾಲ್ಕು ವಾರ ಅಲ್ಲೇ ಉಳಿಯಬೇಕಾಗಬಹುದು. ಅಡಿಕೆ ಕೊಯ್ಲಿನ ಸಮಯದಲ್ಲಿ ಜೊತೆಗೆ ಯಾರು ಹೋಗುತ್ತಾರೆ? ಕಾರವಾರದ ಕಡೆಯವರಿಗೆ ಮೀನುಗಾರಿಕೆಯ ದಿನಗಳಲ್ಲಿ ಇದೇ ಪ್ರಶ್ನೆ. ಇದು ಸಣ್ಣ ವಿಷಯ ಅಲ್ಲ. ಎಷ್ಟೋ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಜೊತೆಗೆ ಹೋಗುವವರು ಇಲ್ಲದೆ.

ಸೈಲೋಸಿಬಿನ್ ಮತ್ತು ಎಂಡಿಎಂಎ: ಆ ಗೆಳೆಯ ಹೇಳಿದ ಅರ್ಧ ನಿಜ

ಹೌದು, ದೊಡ್ಡ ಯೂನಿವರ್ಸಿಟಿಗಳಲ್ಲಿ ಕೊಡುತ್ತಾರೆ. ಹೇಗೆ ಕೊಡುತ್ತಾರೆ ಎಂಬುದನ್ನು ಅವನು ಹೇಳಲಿಲ್ಲ.

ಮೊದಲು ಕೆಲವು ದಿನ ಮಾತು. ಹೃದಯ, ರಕ್ತದೊತ್ತಡ ನೋಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ, ಬೈಪೋಲಾರ್ ಇತ್ತೇ ಎಂದು ಕೇಳುತ್ತಾರೆ. ಇದ್ದರೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ, ಏಕೆಂದರೆ ಅಂಥವರಲ್ಲಿ ಅದು ಹುಚ್ಚನ್ನು ಕೆದಕಬಹುದು. ಖಿನ್ನತೆಯ ಮಾತ್ರೆಯನ್ನು ಅನೇಕ ಕಡೆ ವಾರಗಳ ಮೊದಲೇ ನಿಧಾನವಾಗಿ ನಿಲ್ಲಿಸುತ್ತಾರೆ. ಆಮೇಲೆ ಒಂದು ದಿನ ಶಾಂತವಾದ ಕೋಣೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿ, ಸಂಗೀತ ಹಾಕಿ, ಅಳತೆ ಮಾಡಿದ ಮದ್ದು ಕೊಡುತ್ತಾರೆ. ತರಬೇತಿ ಆದ ಚಿಕಿತ್ಸಕರು, ಹೆಚ್ಚಾಗಿ ಇಬ್ಬರು, ಆರರಿಂದ ಎಂಟು ಗಂಟೆ ಪಕ್ಕದಲ್ಲೇ ಕೂತಿರುತ್ತಾರೆ. ಅಳು ಬಂದರೆ, ಹೆದರಿಕೆ ಬಂದರೆ ಅವರು ಇರುತ್ತಾರೆ. ಮುಂದಿನ ದಿನಗಳಲ್ಲಿ ಕಂಡದ್ದನ್ನೆಲ್ಲ ಮತ್ತೆ ಕೂತು ಮಾತಾಡುತ್ತಾರೆ. ಮದ್ದು ಒಂದು ದಿನದ್ದು, ಕೆಲಸ ವಾರಗಳದ್ದು.

ಫಲ? ಆಸೆ ಹುಟ್ಟಿಸುವಂಥದ್ದು ಇದೆ. 2022ರಲ್ಲಿ ಪ್ರಕಟವಾದ, 233 ಜನರ ಅಧ್ಯಯನದಲ್ಲಿ 25 ಮಿಲಿಗ್ರಾಂ ಸೈಲೋಸಿಬಿನ್ ಪಡೆದವರ ಖಿನ್ನತೆಯ ಅಂಕ ಮೂರು ವಾರಕ್ಕೆ 12ರಷ್ಟು ಇಳಿಯಿತು. ಬರೀ 1 ಮಿಲಿಗ್ರಾಂ ಪಡೆದವರಲ್ಲಿ ಇಳಿದದ್ದು ಸುಮಾರು 5. ಇದೇ ಅಧ್ಯಯನದಲ್ಲಿ ತಲೆನೋವು, ವಾಕರಿಕೆ ಬಹಳ ಜನರಿಗೆ ಬಂತು. ಸಾಯುವ ಯೋಚನೆ ಎಲ್ಲ ಗುಂಪುಗಳಲ್ಲೂ ಕಂಡಿತು. 2021ರಲ್ಲಿ ಲಂಡನ್ನಿನಲ್ಲಿ 59 ಜನರ ಮೇಲೆ ಸೈಲೋಸಿಬಿನ್ ಮತ್ತು ಎಸ್ಸಿಟಲೊಪ್ರಾಮ್ ಎರಡನ್ನೂ ಎದುರುಬದುರು ನಿಲ್ಲಿಸಿ ನೋಡಿದರು. ಮುಖ್ಯ ಅಳತೆಯಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಅಂದರೆ ನನ್ನ ಅಂಗಡಿಯ ಕಪಾಟಿನಲ್ಲಿರುವ ಮಾತ್ರೆಯೇ ಅಲ್ಲಿ ಸರಿಸಮ ನಿಂತಿತು.

ಎಂಡಿಎಂಎ ನೋಡುತ್ತಿರುವುದು ಆಘಾತದ ಕಾಯಿಲೆಗೆ, ಪಿಟಿಎಸ್‌ಡಿಗೆ. 2021ರಲ್ಲಿ 90 ಜನರ ಅಧ್ಯಯನದಲ್ಲಿ ಮದ್ದು ಮತ್ತು ಮಾತು ಎರಡೂ ಸಿಕ್ಕವರಲ್ಲಿ ಮೂರರಲ್ಲಿ ಇಬ್ಬರಿಗೆ ಆ ಕಾಯಿಲೆ ಎನ್ನುವಷ್ಟು ಲಕ್ಷಣ ಉಳಿಯದ ಹಾಗಾಯಿತು. ಬರೀ ಮಾತು ಸಿಕ್ಕವರಲ್ಲಿ ಮೂರರಲ್ಲಿ ಒಬ್ಬರಿಗೆ. ಆದರೂ 2024ರ ಆಗಸ್ಟಿನಲ್ಲಿ ಮದ್ದುಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಡಲಿಲ್ಲ, ಇನ್ನೊಂದು ಅಧ್ಯಯನ ಮಾಡಿ ಎಂದಿತು. ಯಾರಿಗೆ ನಿಜವಾದ ಮದ್ದು ಸಿಕ್ಕಿತು ಎಂಬುದು ರೋಗಿಗೇ ಗೊತ್ತಾಗಿಬಿಡುತ್ತದೆ, ಆಗ ಆಸೆಯೇ ಅರ್ಧ ಕೆಲಸ ಮಾಡಿರಬಹುದಲ್ವಾ ಎಂಬುದು ಒಂದು ದೊಡ್ಡ ಪ್ರಶ್ನೆ. ಇನ್ನೊಂದು ಇನ್ನೂ ಭಾರದ್ದು. ಕೆನಡಾದ ಒಂದು ಪ್ರಯೋಗದಲ್ಲಿ ಪಕ್ಕದಲ್ಲಿ ಕೂತ ಚಿಕಿತ್ಸಕರೇ ರೋಗಿಯ ಮೈಮೇಲೆ ಕೈ ಹಾಕಿ ಮರ್ಯಾದೆ ಮೀರಿದ್ದರು. ಮನಸ್ಸು ಪೂರ್ತಿ ತೆರೆದುಕೊಂಡ ಹೊತ್ತಿನಲ್ಲಿ ಬೇಡ ಎನ್ನಲು ಶಕ್ತಿ ಇರುವುದಿಲ್ಲ. ಹಾಗಾಗಿಯೇ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬ ಪ್ರಶ್ನೆ ಮದ್ದಿನ ಹೆಸರಿಗಿಂತ ಮೊದಲು ಬರಬೇಕು ಎನ್ನುತ್ತೇನೆ.

ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರಿಗೆ ಮಾತ್ರ ಇವೆರಡನ್ನು ಕೊಡಲು ಬಿಟ್ಟಿದೆ. ಅಲ್ಲಿ ಖರ್ಚು ಬಹಳ. ಭಾರತದಲ್ಲಿ ಸೈಲೋಸಿಬಿನ್, ಎಲ್‌ಎಸ್‌ಡಿ, ಎಂಡಿಎಂಎ ಮೂರೂ ಎನ್‌ಡಿಪಿಎಸ್ ಪಟ್ಟಿಯಲ್ಲಿವೆ. ವೈದ್ಯಕೀಯ ಮತ್ತು ವೈಜ್ಞಾನಿಕ ಕೆಲಸಕ್ಕೆ ಸರ್ಕಾರದ ಅನುಮತಿಯಿಂದ ಬಳಸಲು ಕಾಯ್ದೆಯಲ್ಲೇ ಜಾಗ ಇದೆ. ಆದರೆ ರೋಗಿಗೆ ಚೀಟಿ ಬರೆದು ಕೊಡುವ ಮದ್ದು ಅದಲ್ಲ. ಇವತ್ತು ನಮ್ಮ ಜಿಲ್ಲೆಯ ಮನೆಗೆ ಇದು ಆಯ್ಕೆ ಅಲ್ಲ. ಮುಂದೆ ಆಗಬಹುದು. ಆಗಬೇಕಾದರೆ ಈಗಿನಿಂದಲೇ ಇದರ ಬಗ್ಗೆ ಹೆದರದೆ, ಹಾರದೆ ಮಾತಾಡುವುದು ಕಲಿಯಬೇಕು.

ಶಿರೂರಿನ ಗುಡ್ಡ 2024ರ ಜುಲೈ 16ರಂದು ಕುಸಿದದ್ದನ್ನು ಕಣ್ಣಾರೆ ಕಂಡವರು ಅಂಕೋಲೆಯ ಕಡೆ ಇದ್ದಾರೆ. ಮಳೆ ಜೋರಾದರೆ ನಿದ್ದೆ ಬಾರದು, ಶಬ್ದಕ್ಕೆ ಬೆಚ್ಚಿ ಬೀಳುವುದು ಇದ್ದರೆ ಅಂಥವರು ಎಂಡಿಎಂಎಗೆ ಕಾಯಬೇಕಿಲ್ಲ. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ, ಕಣ್ಣು ಆಡಿಸುತ್ತಾ ಆಘಾತದ ನೆನಪನ್ನು ಹಗುರ ಮಾಡುವ ಇಎಂಡಿಆರ್ ಇವು ಚೆನ್ನಾಗಿ ಪರೀಕ್ಷೆಯಾದವು, ಕಾನೂನಿನ ಒಳಗಿನವು.

ಗೋಕರ್ಣದ ದಾರಿ

ಇದನ್ನು ಆಯ್ಕೆ ಎಂದು ಬರೆಯಲು ನನಗೆ ಮನಸ್ಸಿಲ್ಲ. ಆದರೆ ಮಕ್ಕಳು ಹೋಗುವುದು ಈ ದಾರಿಯಲ್ಲೇ. ಬರೆಯದೆ ಇದ್ದರೆ ತಪ್ಪಾಗುತ್ತದೆ.

ದೇವಿಮನೆ ಘಾಟಿ ಇಳಿದು ಕುಮಟೆ ದಾಟಿದರೆ ಗೋಕರ್ಣ. ಹೀಲಿಂಗ್ ಎಂಬ ಹೆಸರು, ಸಮುದ್ರದ ಗಾಳಿ, ಯಾರೂ ಗುರುತಿನವರಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಊರಿನವರು ಸಿಗುತ್ತಾರೆ ಎಂದು ಹೆದರುವ ಹುಡುಗನಿಗೆ ಅಲ್ಲಿ ಒಂದು ಬಿಡುಗಡೆ ಇದೆ. ನಾಚಿಕೆಯೇ ಅವನನ್ನು ಅಲ್ಲಿಗೆ ತಳ್ಳುವುದು. ಮನೆಯಲ್ಲಿ "ನಶೆ" ಎಂದು ಬಾಯಿ ಮುಚ್ಚಿಸಿದಷ್ಟೂ ಈ ದಾರಿ ಅವನಿಗೆ ಹತ್ತಿರವಾಗುತ್ತದೆ.

ಅಲ್ಲಿ ಕೊಟ್ಟದ್ದು ಏನು, ಎಷ್ಟು, ಯಾರಿಗೂ ಗೊತ್ತಿರುವುದಿಲ್ಲ. ಕೊಟ್ಟವನು ಅರ್ಧ ರಾತ್ರಿಗೆ ಇರುತ್ತಾನೋ ಇಲ್ಲವೋ ಗೊತ್ತಿಲ್ಲ. ಸಮುದ್ರ ಪಕ್ಕದಲ್ಲಿದೆ, ಬಂಡೆ ಇದೆ. ಹೆದರಿಕೆ ಹತ್ತಿದ ಮನುಷ್ಯ ಎಲ್ಲಿಗೆ ಓಡುತ್ತಾನೆ? ಖಿನ್ನತೆಗೆ ಈಗಾಗಲೇ ಮದ್ದು ತೆಗೆದುಕೊಳ್ಳುತ್ತಿದ್ದರೆ ಅಪಾಯ ಇನ್ನೂ ಜಾಸ್ತಿ. ಆಯಾವಾಸ್ಕಾ ಎಂಬ ಕಷಾಯ ಮತ್ತು ಖಿನ್ನತೆಯ ಮಾತ್ರೆ ಸೇರಿದರೆ ಸಿರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ಮಿತಿಮೀರಿ ಜ್ವರ, ನಡುಕ, ಫಿಟ್ಸ್ ಬಂದು ಜೀವಕ್ಕೇ ಕುತ್ತು. ಬೈಪೋಲಾರ್‌ಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಸೈಲೋಸಿಬಿನ್ ತಿಂದು ಫಿಟ್ಸ್ ಬಂದ ಉದಾಹರಣೆಗಳಿವೆ. "ಅಲ್ಲಿಗೆ ಹೋಗುವ ಮೊದಲು ಮಾತ್ರೆ ನಿಲ್ಲಿಸು" ಎಂದು ಯಾರಾದರೂ ಹೇಳಿದರೆ ಅದು ಇನ್ನೊಂದು ಅಪಾಯ. ನಿಲ್ಲಿಸಿದ ವಾರಗಳಲ್ಲೇ ಖಿನ್ನತೆ ಎದ್ದು ಕೂರಬಹುದು.

ಕಾಡಿನ ಅಣಬೆಯ ವಿಷಯ ನಾವು ಮಲೆನಾಡಿನವರು ಬಲ್ಲವರು. ಮಳೆಗಾಲದಲ್ಲಿ ಹುತ್ತದ ಅಣಬೆ ಕಿತ್ತು ಪಲ್ಯ ಮಾಡುವವರಿಗೂ ವರ್ಷಕ್ಕೊಮ್ಮೆ ಕಣ್ಣು ತಪ್ಪುತ್ತದೆ. ಕೆಲವು ವಿಷದ ಅಣಬೆ ತಿಂದ ಮೇಲೆ ಆರರಿಂದ ಹನ್ನೆರಡು ಗಂಟೆ ಏನೂ ಆಗುವುದಿಲ್ಲ, ಕೆಲವೊಮ್ಮೆ ಇನ್ನೂ ತಡ. ಆಮೇಲೆ ವಾಂತಿ ಭೇದಿ, ಅದು ನಿಂತು ಗುಣವಾದ ಹಾಗೆ ಕಾಣುವುದು, ಅಷ್ಟರಲ್ಲಿ ಒಳಗೆ ಲಿವರ್ ಹೋಗಿರುತ್ತದೆ. ಇಂಟರ್ನೆಟ್ಟಿನ ಚಿತ್ರ ನೋಡಿ ಅಣಬೆ ಕೀಳುವುದು ಎಂದರೆ ಇದು. ಹೀಗಾದರೆ 108ಕ್ಕೆ ಕರೆ ಮಾಡಿ, ಏನು ತಿಂದದ್ದು ಎಂದು ಡಾಕ್ಟರಿಗೆ ಇದ್ದ ಹಾಗೆ ಹೇಳಿ, ಉಳಿದ ಚೂರು ಇದ್ದರೆ ತೆಗೆದುಕೊಂಡು ಹೋಗಿ.

ಕಾನೂನೂ ಸಣ್ಣದಲ್ಲ. ಎಲ್‌ಎಸ್‌ಡಿ 0.1 ಗ್ರಾಂ ಮೀರಿದರೆ ಅದು ವಾಣಿಜ್ಯ ಪ್ರಮಾಣ, ಶಿಕ್ಷೆ ಕನಿಷ್ಠ ಹತ್ತು ವರ್ಷ. ಕಾಯಿಲೆಗಾಗಿ ತಂದದ್ದು ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಗುಣವಾಗಿ ಬಂದವರೂ ಇದ್ದಾರೆ ಎಂದು ಹೇಳುತ್ತಾರೆ. ಇರಬಹುದು. ಗುಣವಾಗದವರು ಬಂದು ಹೇಳುವುದಿಲ್ಲ.

ಊರವರ ಮಾತು

ತೋಟದ ಮಾಣಿಗೆ ಮೊದಲೇ ಹೆಣ್ಣು ಸಿಗುವುದಿಲ್ಲ, ಅದರ ಮೇಲೆ ಮಂಡೆ ಡಾಕ್ಟರ ಹತ್ತಿರ ಹೋಗುತ್ತಾನೆ ಎಂದರೆ ಯಾರು ಕೊಡುತ್ತಾರೆ? ಅಕ್ಕನ ನಿಜವಾದ ಭಯ ಇದು. ನಾನು ಅದನ್ನು ಸಣ್ಣದು ಮಾಡುವುದಿಲ್ಲ. ಒಂಬತ್ತು ತಿಂಗಳು ಕೋಣೆಯಲ್ಲಿ ಇದ್ದದ್ದು ಊರಿಗೆ ಗೊತ್ತಾಗಿಲ್ಲವೇ ಎಂದು ಕೇಳಿದೆ. ಅವಳು ಸುಮ್ಮನಾದಳು. ಕಾಯಿಲೆ ಎಲ್ಲರಿಗೂ ಕಾಣುತ್ತಿತ್ತು. ಬಚ್ಚಿಟ್ಟಿದ್ದು ಚಿಕಿತ್ಸೆಯನ್ನು ಮಾತ್ರ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವ ನೂರರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ನಾವು ಹೊಸ ಮದ್ದಿನ ಬಗ್ಗೆ ಜಗಳ ಆಡುವಾಗ ಹಳೆಯ ಮದ್ದೇ ಮನೆ ಮುಟ್ಟಿಲ್ಲ.

ದೇವರ ಪ್ರಶ್ನೆ ಕೇಳುವುದು, ಹರಕೆ ಹೊರುವುದು ಬಿಡಿ ಎಂದು ನಾನು ಹೇಳುವುದಿಲ್ಲ. ಮಾರಿಕಾಂಬೆಗೆ ಕೈ ಮುಗಿದೇ ನಾನೂ ಅಂಗಡಿ ತೆರೆಯುತ್ತೇನೆ. ಎರಡೂ ಜೊತೆಗೆ ನಡೆಯಲಿ. ಮಾತ್ರೆ ನಿಲ್ಲಿಸಿ ಎಂದು ಹೇಳಿದವರ ಮಾತನ್ನು ಮಾತ್ರ ಕೇಳಬೇಡಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೆಲವು ಹಕ್ಕು ಕೊಟ್ಟಿದೆ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು. ದೇಹದ ಕಾಯಿಲೆಗೆ ಕೊಟ್ಟ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಜೀವ ತೆಗೆದುಕೊಳ್ಳಲು ಹೋದವರನ್ನು ಅಪರಾಧಿ ಎಂದು ಕಾಣದೆ ಆರೈಕೆ ಮಾಡಬೇಕು.

ನಾನು ಅಕ್ಕನಿಗೆ ಹೇಳಿದ್ದು

ಇವತ್ತೇ ಜೀವದ ಭಯ ಇದೆಯೇ? ಹಾಗಿದ್ದರೆ ಹೋಲಿಕೆ ಬೇಡ, ಆಸ್ಪತ್ರೆ. ರಾತ್ರಿಯಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು, ಹಣ ಬೇಡ, ದಿನದ ಇಪ್ಪತ್ನಾಲ್ಕು ಗಂಟೆ. ಹಾಗಿಲ್ಲವಾದರೆ ಮೊದಲು ಮಾತ್ರೆ ಸರಿಯಾಗಿ ನಡೆಯಲಿ, ಜೊತೆಗೆ ಮಾತು. ಅದೂ ಸೋತರೆ ಇಸಿಟಿಯೋ ಕೆಟಮಿನ್ನೋ ಎಂದು ಡಾಕ್ಟರ ಹತ್ತಿರ ಕೂತು ಕೇಳುವುದು. ಸೈಲೋಸಿಬಿನ್ ಸುದ್ದಿ ಓದುತ್ತಾ ಇರು, ಮಗನ ಜೊತೆ ಅದರ ಬಗ್ಗೆ ಮಾತಾಡು, ಬೈಯಬೇಡ. ಗೋಕರ್ಣಕ್ಕೆ ಸಮುದ್ರ ನೋಡಲು ಹೋಗಿ.

ಭಾವನ ಜೊತೆ ಮಾತಾಡಲು ಮೂರು ಸಂಜೆ ಬೇಕಾಯಿತು. ಮಾರ್ಫಿನ್ ಮಾತು ತೆಗೆದಾಗ ಅವರು ಮೆತ್ತಗಾದರು. ಅವರ ಅಪ್ಪ ಕ್ಯಾನ್ಸರಿನಲ್ಲಿ ಹೋದವರು.

ಅಳಿಯನಿಗೆ ಮೂರನೆಯ ಮಾತ್ರೆ ಶುರುವಾಗಿ ಈಗ ಐದು ತಿಂಗಳು. ವಾರಕ್ಕೊಮ್ಮೆ ಆಪ್ತಸಮಾಲೋಚಕಿಯ ಜೊತೆ ಮಾತು. ಪೂರ್ತಿ ಗುಣ ಎಂದು ನಾನು ಹೇಳುವುದಿಲ್ಲ. ಬೆಳಗ್ಗೆ ಏಳುತ್ತಾನೆ, ಅಪ್ಪನ ಜೊತೆ ತೋಟಕ್ಕೆ ಹೋಗುತ್ತಾನೆ, ಕೆಲವು ದಿನ ಮತ್ತೆ ಬಾಗಿಲು ಹಾಕಿಕೊಳ್ಳುತ್ತಾನೆ. ಇದು ಬಗ್ಗದಿದ್ದರೆ ಮುಂದೆ ಧಾರವಾಡ ಎಂದು ಮನೆಯವರೆಲ್ಲ ಕೂತು ಮಾತಾಡಿಕೊಂಡಿದ್ದಾರೆ. ಜೊತೆಗೆ ಹೋಗುವವನು ನಾನು.

ನೀವು ಹೊರಟಿರುವವರಾದರೆ, ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಯೋಜನೆ ಇದೆ. ಅದರಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲೂಕಿನಲ್ಲಿ ಯಾವ ವಾರ ಎಂದು ಮೊದಲೇ ವಿಚಾರಿಸಿ. ಕಾರವಾರದವರಿಗೆ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್ ಇದೆ. ಹೋಗುವಾಗ ಹಳೆಯ ಚೀಟಿ ಎಲ್ಲ ತೆಗೆದುಕೊಳ್ಳಿ. ಉಳಿದ ಮಾತ್ರೆ ಇರುವ ಸ್ಟ್ರಿಪ್‌ಗಳನ್ನೂ ಹಾಗೇ ತೆಗೆದುಕೊಳ್ಳಿ, ಎಸೆಯಬೇಡಿ. ಒಂದು ಕಾಗದದ ಮೇಲೆ ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ವಾರ, ಎಷ್ಟು ದಿನ ತಪ್ಪಿತು ಎಂದು ಬರೆದುಕೊಳ್ಳಿ. ನಾಟಿ ಮದ್ದು, ಹೆಂಡ, ಗಾಂಜಾ, ಬೀಚಿನಲ್ಲಿ ಯಾರೋ ಕೊಟ್ಟದ್ದು, ಏನಿದ್ದರೂ ಅದೇ ಕಾಗದದಲ್ಲಿ ಬರೆಯಿರಿ. ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಅಜ್ಜಿಯ ಹತ್ತಿರ ಕೇಳಿ, ಅದನ್ನೂ ಸೇರಿಸಿ. ಒಳಗೆ ಹೋದಾಗ ಕಾಗದವನ್ನು ಮೇಜಿನ ಮೇಲೆ ಇಟ್ಟುಬಿಡಿ. ಬಾಯಲ್ಲಿ ಹೇಳಲು ಆಗದ್ದನ್ನು ಡಾಕ್ಟರು ಓದಿಕೊಳ್ಳುತ್ತಾರೆ.